ಗೋರಂಟಿ ಕೇಳಿದ್ದಕ್ಕೆ

ಪಕ್ಕದ ಮನೆಯಲ್ಲಿರುವ ನನ್ನ ಭಾವ, ಅಂದರೆ ಗಂಡನ ಅಣ್ಣ, ಮೂರನೇ ಅಂತಸ್ತು ಏರಿಸಿದ ವರ್ಷ ನಮ್ಮ ಹಿತ್ತಲಿಗೆ ಬಿಸಿಲು ಬರುವುದು ನಿಂತಿತು. ಹೊಸಪೇಟೆಯಲ್ಲಿ ಬಿಸಿಲಿಗೆ ಬರವೇ ಎಂದು ನಗಬೇಡಿ. ಬೆಳಗ್ಗೆ ಒಂದು ಗಳಿಗೆ ಗೋಡೆ ಮುಟ್ಟಿ ಹೋಗುತ್ತಿತ್ತು, ಅಷ್ಟೇ. ಚೆಂಡು ಹೂ, ಸೇವಂತಿಗೆ ಎಲ್ಲ ಒಂದೇ ಮಳೆಗಾಲದಲ್ಲಿ ಕೈಕೊಟ್ಟವು.

ಭಾವ ಕಾಂಪೌಂಡಿನಾಚೆ ನಿಂತು ಹೇಳಿದರು: "ಇಲ್ಲೇನ್ ಬೆಳಿತೈತಿ ತಂಗಿ? ಸಂಕ್ರಾಂತಿಗೆ ಸಿಮೆಂಟ್ ಹಾಕಿಸಿಬಿಡೂಣು. ನನ್ನ ಕಾರಾದ್ರೂ ನಿಂದ್ರತೈತಿ."

ನನ್ನ ಗಂಡ ಅಣ್ಣನಿಗೆ ಎದುರಾಡಿದವರೇ ಅಲ್ಲ. ಪೇಪರ್ ಮಡಚಿದರು. ನನಗೆ ಮೈ ಉರಿಯಿತು. "ಸಂಕ್ರಾಂತಿಗೆ ಇಲ್ಲಿ ಹೂ ಇರ್ತಾವ್ರಿ ಭಾವಾರ. ಇರಲಿಲ್ಲಂದ್ರ ಹಾಕಸ್ರಿ ಸಿಮೆಂಟು," ಅಂದುಬಿಟ್ಟೆ.

ನೆರಳಲ್ಲಿದ್ದೂ ಚಳಿಗಾಲಕ್ಕೆ ಹೂ ಬಿಡುವ ಗಿಡ ನನಗೆ ಗೊತ್ತಿದ್ದದ್ದು ಒಂದೇ. ಎಮ್ಮಿಗನೂರಿನ ತವರಲ್ಲಿ, ದನದ ಕೊಟ್ಟಿಗೆಯ ಹಿಂದೆ, ಅವ್ವ ನೇರಳೆ ಬಣ್ಣದ ಗೋರಂಟಿ ಹಾಕಿದ್ದಳು; ನಮ್ಮ ಕಡೆ ಗೋರಂಟಿ ಅಂದರೆ ಮುಡಿಯುವ ಹೂ. ಚಳಿ ಬಿದ್ದರೆ ಸಾಕು, ಮೈತುಂಬ ಅರಳುತ್ತಿತ್ತು. ನರ್ಸರಿಗೆ ಹೋಗಿ "ಗೋರಂಟಿ ಕೊಡ್ರಿ" ಅಂದೆ. ಅಲ್ಲಿಯವರು ಆಂಧ್ರದ ಕಡೆಯವರು. ಆರು ಎಳೆ ಸಸಿ ಕೊಟ್ಟರು. ದಿನಾ ನೀರು, ವಾರಕ್ಕೊಮ್ಮೆ ಗೊಬ್ಬರ. ಅವು ಬೆಳಕು ಹುಡುಕುತ್ತ ಬಡಕಲಾಗಿ ಉದ್ದುದ್ದ ಬೆಳೆದವು. ಮೊಗ್ಗಿನ ಸುಳಿವೇ ಇಲ್ಲ.

ದಸರೆಯ ಹೊತ್ತಿಗೆ ಭಾವನ ಹೆಂಡತಿ ಬಂದು ನಾಲ್ಕು ಎಲೆ ಕಿತ್ತು ಉಜ್ಜಿ ಮೂಸಿದರು. "ಅಯ್ಯ, ಇದು ಮದರಂಗಿ ಅಲ್ಲೇನ!" ತೆಲುಗಿನವರ ಗೋರಿಂಟ ಅಂದರೆ ಕೈಗೆ ಹಚ್ಚುವ ಮದರಂಗಿ. ನರ್ಸರಿಯವರು ತಮಗೆ ಕೇಳಿಸಿದ್ದನ್ನೇ ಕೊಟ್ಟಿದ್ದರು. ಮದರಂಗಿಯನ್ನು ಕೋನಿನಲ್ಲಿ ಮಾತ್ರ ಕಂಡ ನನಗೆ ಗಿಡದ ಗುರುತು ಹತ್ತಿರಲಿಲ್ಲ. ಭಾವ ಬಿದ್ದು ಬಿದ್ದು ನಕ್ಕರು. "ಹೋಗ್ಲಿ ಬಿಡು ತಂಗಿ, ಕೈಗರ ಬಣ್ಣ ಬರ್ತೈತಿ." ನಾನೂ ನಗಬಹುದಿತ್ತು. ಅಳು ಬಂತು.

ಮರುದಿನವೇ ಎಮ್ಮಿಗನೂರಿಗೆ ಹೋದೆ. ಅವ್ವ ಈಗಿಲ್ಲ, ಕೊಟ್ಟಿಗೆಯೂ ಇಲ್ಲ. ಗೋರಂಟಿ ಮಾತ್ರ ಬೇಲಿಗುಂಟ ಹಬ್ಬಿಕೊಂಡಿತ್ತು. ನಾನು ಟೊಂಗೆ ಮುರಿಯಲು ಹೋದರೆ ತಮ್ಮನ ಹೆಂಡತಿ ತಡೆದಳು. "ಟೊಂಗಿ ನೆಟ್ರ ಈ ವರ್ಷ ಎಲ್ಲಿ ಹೂ ಬಿಡ್ತಾವ್ರಿ ಅಕ್ಕಾರ? ಬೇರಿನ ಸಮೇತ ಒಯ್ರಿ." ಗುದ್ದಲಿಯಿಂದ ಆರು ಸಣ್ಣ ಗಿಡ ಬುಡಸಮೇತ ಎಬ್ಬಿಸಿ, ಮಣ್ಣು ಉದುರದಂತೆ ಗೋಣಿಚೀಲದಲ್ಲಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಅದನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂತೆ. ಕಂಡಕ್ಟರ್ ಗೊಣಗಿದ. ನಾನು ಕಿಟಕಿಯಾಚೆ ನೋಡಿದೆ.

ಮನೆಗೆ ಬಂದಾಗ ನನ್ನ ಗಂಡ ಮದರಂಗಿ ಕಿತ್ತು, ಗೋಡೆಗುಂಟ ಆರು ಗುಂಡಿ ತೋಡಿದ್ದರು. ಅಣ್ಣ ಮೇಲಿನ ಬಾಲ್ಕನಿಯಿಂದ ನೋಡುತ್ತಿದ್ದರೂ ತೋಡಿದ್ದರು. ಅದನ್ನು ಕಂಡಾಗಲೇ ಅರ್ಧ ಗೆದ್ದೆ ಅನ್ನಿಸಿತು.

ಸಂಕ್ರಾಂತಿಯ ಬೆಳಗ್ಗೆ ಭಾವ ಟೇಪು ಹಿಡಿದ ಮೇಸ್ತ್ರಿಯ ಜೊತೆ ಹಿತ್ತಲಿಗೆ ಬಂದರು. ಗೋಡೆಯುದ್ದಕ್ಕೂ ನೇರಳೆ ಹೂ. ಭಾವ ಬಗ್ಗಿ ಒಂದು ಹೂ ಮುಟ್ಟಿ ನೋಡಿದರು. ಪ್ಲಾಸ್ಟಿಕ್ ಅಂದುಕೊಂಡರೋ ಏನೋ.

"ಇಷ್ಟು ನೆರಳಾಗ ಹೆಂಗ ಬಿಟ್ಟಾವು?"

"ನಿಮ್ಮ ನೆರಳಾಗೇ ಬಿಟ್ಟಾವ್ರಿ ಭಾವಾರ. ಬೇಕಂದ್ರ ನಾಕನೇ ಅಂತಸ್ತೂ ಕಟ್ರಿ."

ಮೇಸ್ತ್ರಿ ಟೇಪು ಸುತ್ತಿಕೊಂಡ. ಭಾವನ ಕಾರು ಈಗಲೂ ಬೀದಿಯಲ್ಲೇ ನಿಲ್ಲುತ್ತದೆ, ಅದಿರು ಲಾರಿಗಳ ಕೆಂಪು ಧೂಳು ಹೊತ್ತುಕೊಂಡು.