ಇಬ್ಬರು ಪರಿಶೀಲಕರು, ಒಂದೇ ತಪ್ಪು

ಶರಯೂ ಕೋಲ್ಹಟ್ಕರ್ ಪುಣೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಸ್ಟಾಫ್‌ರೂಮಿನಲ್ಲಿ ಹದಿನಾಲ್ಕು ವರ್ಷ ನಮ್ಮಿಬ್ಬರ ಮೇಜು ಅಕ್ಕಪಕ್ಕ; ನಾನು ಅವರನ್ನು ತಾಈ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ. ಬೀಗ ಹಾಕಿದ ಮೇಲೂ ಹಿಂದಿರುಗಿ ಬಂದು ಎಳೆದು ನೋಡುವ ಜಾತಿಯವರು. ಸಂಬಳವಿಲ್ಲದ ಇನ್ನೊಂದು ಕೆಲಸವೂ ಅವರಿಗಿತ್ತು. ಸಂಶೋಧಕರು ಬರೆದ ಕಂಪ್ಯೂಟರ್ ಪ್ರೋಗ್ರಾಮ್‌ಗಳ ಕುರಿತ ಲೇಖನಗಳನ್ನು ಪ್ರಕಟಿಸುವ ಪತ್ರಿಕೆಯೊಂದಕ್ಕೆ ಅವರು ಸಂಪಾದಕಿ. ಲೇಖನ ಬಂದರೆ ಪ್ರೋಗ್ರಾಮನ್ನು ನಡೆಸಿ ನೋಡಬಲ್ಲ ಇಬ್ಬರು ಪರಿಶೀಲಕರನ್ನು ಹುಡುಕಬೇಕು, ಅವರ ಬೆನ್ನು ಹತ್ತಬೇಕು, ಇಬ್ಬರೂ ಸರಿ ಎಂದ ಮೇಲೆ ಒಪ್ಪಿಗೆಯ ಗುಂಡಿ ಒತ್ತಬೇಕು.

ಆ ಫೆಬ್ರವರಿಯಲ್ಲಿ ನಿರಂಜನ ಘಾಣೇಕರ್ ಎಂಬ ಸಂಶೋಧನಾ ವಿದ್ಯಾರ್ಥಿಯ ಲೇಖನ ಬಂದಿತ್ತು. ನವಜಾತ ಶಿಶುವಿನ ತೂಕ ಕೊಟ್ಟರೆ ಔಷಧಿ ಎಷ್ಟು ಎಂದು ಹೇಳುವ ಪ್ರೋಗ್ರಾಮ್. ತಾಈ ಹತ್ತೊಂಬತ್ತು ಜನರನ್ನು ಕೇಳಿದರು. ಕೆಲವರು ಪುರುಸೊತ್ತಿಲ್ಲ ಎಂದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ಕೊನೆಗೆ ನಿರಂಜನನೇ ಇಬ್ಬರ ಹೆಸರು ಸೂಚಿಸಿದ. ಅವರು ವಾರದೊಳಗೆ ಎಲ್ಲಾ ಸರಿ ಎಂದು ಬರೆದರು. ಸೋಮವಾರ ತಾಈ ಗುಂಡಿ ಒತ್ತಿದರು.

ಗುರುವಾರ ಬೆಳಗಿನ ತರಗತಿ ಮುಗಿಸಿ ಬಂದು, ಪರಿಶೀಲಕರಿಗೆ ಧನ್ಯವಾದ ಬರೆಯಲು ಕೂತವರು ನನ್ನನ್ನು ಕರೆದರು. ದನಿ ಬೇರೆಯೇ ಆಗಿತ್ತು.

"ಇದನ್ನ ಓದು. ಈಗ ಇದನ್ನ."

ಎರಡೂ ವರದಿಗಳಲ್ಲಿ ಒಂದೇ ಇಂಗ್ಲಿಷ್ ಪದದ ಕಾಗುಣಿತ ಒಂದೇ ರೀತಿ ತಪ್ಪಾಗಿತ್ತು.

"ಇಬ್ಬರಿಗೂ ಅದು ಬರದೇ ಇರಬಹುದಲ್ಲ ತಾಈ?"

"ಫುಲ್‌ಸ್ಟಾಪ್‌ಗೆ ಮುಂಚೆ ಜಾಗ ಬಿಡೋ ಚಾಳಿನೂ ಇಬ್ಬರಿಗೂ ಇದೆಯಾ? ನಾಲ್ಕೇ ನಿಮಿಷದ ಅಂತರದಲ್ಲಿ ಕಳಿಸಿದಾರೆ ನೋಡು."

ಅವರು ಪ್ರೋಗ್ರಾಮ್ ತೆರೆದರು. "ನಾನೇ ಒಂದು ಸಲನೂ ನಡೆಸಿ ನೋಡಿರಲಿಲ್ಲ ಕಣೇ. ಉತ್ತರಪತ್ರಿಕೆ ತಿದ್ದೋದಿತ್ತು ಅಂತ..."

ಮೂರು ಕಿಲೋ ಹಾಕಿದರು. ಸರಿ ಬಂತು. ಎರಡೂವರೆ, ಸರಿ. ಒಂದು, ಸರಿ. ಸೊನ್ನೆಯಿಂದ ಶುರುವಾಗುವ 0.8 ಹಾಕಿದಾಗ ಪ್ರೋಗ್ರಾಮ್ ಸೊನ್ನೆಯನ್ನೂ ಬಿಂದುವನ್ನೂ ನುಂಗಿ ಅದನ್ನು ಎಂಟು ಕಿಲೋ ಎಂದು ಓದಿತು. ಔಷಧಿ ಹತ್ತು ಪಟ್ಟು. ತಾಈ ಮತ್ತೆ ಹಾಕಿ ನೋಡಿದರು. ಮತ್ತೆ ಎಂಟೇ ಬಂತು. ಲೇಖನದ ಕೊನೆಯ ಸಾಲನ್ನು ನಾನು ಗಟ್ಟಿಯಾಗಿ ಓದಬಾರದಿತ್ತು: ಸಾತಾರೆಯ ಆಸ್ಪತ್ರೆಯೊಂದರ ಶಿಶು ವಾರ್ಡಿನಲ್ಲಿ ಇದು ಈಗಾಗಲೇ ಬಳಕೆಯಲ್ಲಿದೆ.

ಮೊದಲು ಪತ್ರಿಕೆಯ ಪ್ರಧಾನ ಸಂಪಾದಕ, ಮುಂಬಯಿಯ ವರ್ತಕ್ ಎಂಬವರಿಗೆ ಫೋನ್ ಮಾಡಿದರು.

"ಗಾಬರಿ ಬೇಡ ಶರಯೂಬಾಈ. ಲೇಖಕನಿಗೆ ಪತ್ರ ಬರೀರಿ, ಉತ್ತರಕ್ಕೆ ಏಳು ದಿನ ಕೊಡಿ. ಅದೇ ಪದ್ಧತಿ."

"ಸರ್, ಅಲ್ಲಿ ಮಕ್ಕಳಿದಾವೆ."

"ಗುಂಡಿ ಒತ್ತಿದ್ದು ನೀವು. ಬಹಿರಂಗ ಮಾಡಿದ್ರೆ ಮೊದಲು ಕೆಡೋದು ನಿಮ್ಮ ಹೆಸರೇ."

ಫೋನ್ ಇಟ್ಟು ತಾಈ ಮತ್ತೆ ಕಂಪ್ಯೂಟರ್ ಕಡೆ ತಿರುಗಿದರು. ಆಮೇಲೊಮ್ಮೆ ನನ್ನ ಹತ್ತಿರ ಹೇಳಿದ್ದರು: "ಏಳು ದಿನ ಅಂದಾಗ ಒಂದು ಗಳಿಗೆ ನನಗೆ ಹಾಯೆನಿಸಿತ್ತು. ಅದು ನೆನಪಾದ್ರೆ ಈಗಲೂ ನಾಚಿಕೆಯಾಗುತ್ತೆ."

ಎಲ್ಲರಿಗೂ ಕಾಣುವ ಲೇಖನದ ಪುಟದಲ್ಲಿ ಅವರು ಬರೆದರು: 'ಈ ಪ್ರೋಗ್ರಾಮ್ ಬಳಸಬೇಡಿ. ಒಂದು ಕಿಲೋಗಿಂತ ಕಡಿಮೆ ತೂಕಕ್ಕೆ ಇದು ಅಪಾಯಕಾರಿ. ನಡೆಸಿ ನೋಡದೆ ಒಪ್ಪಿಗೆ ಕೊಟ್ಟಿದ್ದು ನನ್ನ ತಪ್ಪು.' ಕೆಳಗೆ ಹೆಸರು ಹಾಕಿ ನಿರಂಜನನಿಗೆ ಫೋನ್ ಮಾಡಿದರು.

"ಅಷ್ಟು ಸಣ್ಣ ಮಕ್ಕಳು ಎಷ್ಟು ಹುಟ್ತಾವೆ ಮ್ಯಾಡಮ್?" ಎಂದು ಅವನು ನಕ್ಕ.

"ಆ ಇಬ್ಬರು ಪರಿಶೀಲಕರೂ ನೀನೇ ತಾನೆ?"

ಅತ್ತ ಕಡೆ ನಗು ನಿಂತಿತು. "ಮಾರ್ಚ್ ಒಳಗೆ ಪ್ರಕಟ ಆಗ್ಲಿಲ್ಲ ಅಂದ್ರೆ ನನ್ನ ಪಿಎಚ್‌ಡಿ..." ಅವನು ಅಳತೊಡಗಿದ.

"ಅಳೋದು ಆಮೇಲೆ. ವಾರ್ಡಿನ ನಂಬರ್ ಕೊಡು."

ವಾರ್ಡಿನ ಫೋನ್ ಮೂರು ಸಲ ಸುಮ್ಮನೆ ಬಡಿದುಕೊಂಡಿತು. ತಾಈಯ ಸೆರಗು ಬೆವರಿಗೆ ಒದ್ದೆಯಾಗಿತ್ತು. ನಾಲ್ಕನೇ ಸಲ ಸಿಸ್ಟರ್ ಕುಸುಮ್ ಶೇಲಾರ್ ಎಂಬವರು ಎತ್ತಿದರು.

"ಒಂದು ಕಿಲೋಗಿಂತ ಕಡಿಮೆ ಇರೋ ಮಗು ಇದೆಯಾ ನಿಮ್ಮಲ್ಲಿ?"

"ಇದೆ, ಒಂಬೈನೂರು ಗ್ರಾಂ. ನೀವ್ಯಾರು?"

"ಕಂಪ್ಯೂಟರ್ ನೋಡಿ ಔಷಧಿ ಕೊಟ್ರಾ?"

"ಬೆಳಿಗ್ಗೇನೇ ಕೊಟ್ಟಾಯ್ತಲ್ಲ."

ತಾಈ ಮೇಜಿನ ಅಂಚು ಹಿಡಿದುಕೊಂಡರು. ನಾನು ಫೋನ್ ಕಸಿದುಕೊಂಡು, "ಎಷ್ಟು ಕೊಟ್ರಿ ಸಿಸ್ಟರ್?" ಎಂದೆ.

"ಅದು ಹೇಳಿದಷ್ಟು ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ? ಅಷ್ಟು ಎಳೆಯೋಕೆ ಆ ಪುಟ್ಟ ಸಿರಿಂಜೇ ಸಾಲಲ್ಲ. ಡಾಕ್ಟರ್ ಹತ್ರ ಹೋಗಿ ಕೈಯಲ್ಲಿ ಲೆಕ್ಕ ಮಾಡಿಸ್ಕೊಂಡು ಬಂದೆ. ಕೂಸು ಹಾಲು ಕುಡಿದು ಮಲಗಿದೆ. ಯಾಕ್ರೀ, ಅವರು ಅಳ್ತಿದಾರಾ?"

ಸಂಜೆಯೊಳಗೆ ಆಸ್ಪತ್ರೆಯವರು ಪ್ರೋಗ್ರಾಮನ್ನು ತೆಗೆದುಹಾಕಿದರು. ಮರುದಿನ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ವರ್ತಕ್ ಒಂದು ತಿಂಗಳು ತಾಈಯ ಜೊತೆ ಮಾತಾಡಲಿಲ್ಲ. ಸಂಪಾದಕ ಮಂಡಳಿ ವಿವರಣೆ ಕೇಳಿತು, ತಾಈ ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟರು. ಹುದ್ದೆ ಉಳಿಯಿತು. ನಿರಂಜನನ ಪದವಿ ಒಂದು ವರ್ಷ ತಡವಾಯಿತು.

ಆ ವಾರದ ಭಾನುವಾರವೇ ನಾವಿಬ್ಬರೂ ಪುಣೆಯ ಖಾರದ ತಿಂಡಿ ಬಾಕರವಡಿಯ ಪೊಟ್ಟಣ ಹಿಡಿದು ಸಾತಾರೆಯ ಬಸ್ ಹತ್ತಿದೆವು. ಸಿಸ್ಟರ್ ವಾರ್ಡಿನ ಬಾಗಿಲು ಅರ್ಧ ತೆರೆದು, "ಗಾಜಿನ ಈಚೆಯಿಂದ ನೋಡಬಹುದು, ಬನ್ನಿ ಬಾಈ," ಎಂದರು.

"ಬೇಡ ಸಿಸ್ಟರ್, ನನಗೆ ಹೆದರಿಕೆ," ಎಂದರು ತಾಈ. ವಾಪಸು ಬಸ್ಸಿನ ಹೊತ್ತಾಗುವವರೆಗೂ ಹೊರಗಿನ ಬೆಂಚಿನ ಮೇಲೆ ಕೈ ಕಟ್ಟಿಕೊಂಡು ಕೂತೇ ಇದ್ದರು. ನಾನೊಬ್ಬಳೇ ಹೋಗಿ ನೋಡಿಬಂದೆ.