ಹ್ಯಾಮೋ ಕ್ರಿಪ್ಸ್ ಕೇಳಿದ ಗೋಡೆ

ಇಂಗ್ಲೆಂಡಿನ ತೆಂಕಣ ಕರಾವಳಿಯ ಸ್ಯಾಂಡ್‌ಹೈತ್ ಬಂದರಿನಲ್ಲಿ ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವನು ಹ್ಯಾಮೋ ಕ್ರಿಪ್ಸ್. ನಲವತ್ತಕ್ಕೆ ಊರಿನ ಮೇಯರ್ ಆದ. ಫ್ರೆಂಚರು ಬಂದು ಊರನ್ನು ಸುಟ್ಟ ವರ್ಷ ಏಳು ಹಡಗುಗಳ ನಾಯಕತ್ವವೂ ಅವನ ಹೆಗಲಿಗೆ ಬಿತ್ತು.

ಆ ದಾಳಿಯಲ್ಲಿ ಅವನ ಹೆಂಡತಿ ಇಸೋಲ್ಡಳ ತಮ್ಮ ಥರ್ಸ್ಟನ್‌ನನ್ನು ಶತ್ರುಗಳು ಹಿಡಿದೊಯ್ದಿದ್ದರು. "ಅವನ್ನ ಕರ್ಕೊಂಡೇ ಬನ್ನಿ" ಎಂದಷ್ಟೇ ಹೇಳಿ ಅವಳು ಗಂಡನನ್ನು ಕಳಿಸಿದಳು.

ಮೂರನೆಯ ದಿನ ಬೆಳಿಗ್ಗೆ ಶತ್ರುವಿನ ಹಡಗುಗಳು ಎದುರಾದವು. ಹ್ಯಾಮೋ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಸುಣ್ಣದ ಪುಡಿ ತೂರಿಸಿದ. ಕಣ್ಣು ಸುಟ್ಟವರು ತಡಕಾಡುತ್ತಿದ್ದಂತೆ ಬಾಣಗಳು ಸುರಿದವು. ಕೊಕ್ಕೆ ಹಾಕಿ ಎರಡು ಹಡಗುಗಳನ್ನು ಎಳೆದುಕೊಂಡು, ಸಿಕ್ಕವರನ್ನೆಲ್ಲ ಕೊಡಲಿಯಿಂದ ಕಡಿದು ನೀರಿಗೆ ತಳ್ಳಿದರು. ಕಾಲಿಟ್ಟಲ್ಲೆಲ್ಲ ರಕ್ತಕ್ಕೆ ಜಾರುತ್ತಿತ್ತು.

ಉಳಿದಿದ್ದ ದೊಡ್ಡ ಹಡಗಿನ ಮೂತಿಗೆ ಫ್ರೆಂಚರು ಥರ್ಸ್ಟನ್‌ನನ್ನು ತಂದು ಕಟ್ಟಿದರು.

"ಭಾವಾ, ನಾನಿದೀನಿ ಇಲ್ಲಿ. ಸ್ವಲ್ಪ ತಿರುಗ್ಸು" ಎಂದು ಅವನು ಕೂಗಿದ.

ಚುಕ್ಕಾಣಿ ಹಿಡಿದಿದ್ದ ವೈಮಾರ್ಕ್ ಕೇಳಿದ, "ಏನ್ ಮಾಡ್ಲಿ, ಯಜಮಾನ್ರೇ?"

ಬಿಟ್ಟರೆ ಆ ಹಡಗು ಮತ್ತೆ ಊರಿಗೇ ನುಗ್ಗುತ್ತಿತ್ತು. ಊರಿಗೆ ಗೋಡೆಯೇ ಇರಲಿಲ್ಲ.

"ನೇರ ಹೋಗು" ಎಂದ ಹ್ಯಾಮೋ.

ಎರಡು ಮೂತಿಗಳ ನಡುವೆ ಥರ್ಸ್ಟನ್ ನಜ್ಜುಗುಜ್ಜಾದ. ಅವನನ್ನು ಕಟ್ಟಿದವರಲ್ಲಿ ಒಬ್ಬನೂ ಜೀವಂತ ಉಳಿಯಲಿಲ್ಲ.

ಹೆಂಡತಿಗೆ ಹ್ಯಾಮೋ ತಾನೇ ಹೋಗಿ ಹೇಳಿದ. ಇಸೋಲ್ಡ ಅವನ ಮುಖಕ್ಕೆ ಉಗುಳಿದಳು. ಅಂದಿನಿಂದ ಗಂಜಿ ಬಡಿಸುತ್ತಿದ್ದಳೇ ಹೊರತು ಅವನೊಂದಿಗೆ ಒಂದು ಮಾತೂ ಆಡಲಿಲ್ಲ.

ಊರಿಗೆ ಗೋಡೆ ಕೇಳಲೆಂದು ಜನ ಅವನನ್ನೇ ಪಾರ್ಲಿಮೆಂಟಿಗೆ ಆರಿಸಿ ಕಳಿಸಿದರು. ವೆಸ್ಟ್‌ಮಿನ್‌ಸ್ಟರ್ ಅರಮನೆಯ ಅಂಗಳದಲ್ಲಿ ಸರ್ ಫುಲ್ಕ್ ಎಂಬ ಸರದಾರ ಅವನನ್ನು ತಡೆದು ನಿಲ್ಲಿಸಿದ. "ಏನಯ್ಯಾ ಮೀನುಗಾರ, ಮುಂದಿನ ಸಲ ನಿಮ್ಮತ್ತೇನ ಕಟ್ತಾರಂತೆ. ಗುದ್ದೋಕೆ ತಯಾರಾ?"

ಸುತ್ತ ನಿಂತವರು ನಕ್ಕರು. ಹ್ಯಾಮೋ ಅವನ ಬಾಯಿಗೆ ಗುದ್ದಿದ. ಬಿದ್ದವನ ಜುಟ್ಟು ಹಿಡಿದು, ಐದಾರು ಮಂದಿ ಬಂದು ಎಳೆಯುವವರೆಗೂ ಮುಖವನ್ನು ಕಲ್ಲಿಗೆ ಜಜ್ಜಿದ.

ರಾಜನ ಅರಮನೆಯಲ್ಲಿ ರಕ್ತ ಚೆಲ್ಲಿದವನ ಬಲಗೈ ಕಡಿಯಬೇಕೆಂದು ತೀರ್ಪಾಯಿತು. ಅಡುಗೆಮನೆಯ ಕಟುಕನೇ ಕತ್ತಿ ಹಿಡಿದು ಬಂದ. ಕೊರಡಿನ ಮೇಲೆ ಕೈಯಿಟ್ಟ ಹ್ಯಾಮೋ, ಪಕ್ಕದಲ್ಲಿ ಬರೆಯುತ್ತ ಕೂತಿದ್ದ ಪಾರ್ಲಿಮೆಂಟಿನ ಗುಮಾಸ್ತನ ಕಡೆ ತಿರುಗಿದ. "ನಮ್ಮೂರ ಗೋಡೆ ವಿಷ್ಯ ಬರ್ಕೊಂಡ್ರಾ, ಸ್ವಾಮಿ?"

"ಬರ್ಕೊಂಡೆ" ಎಂದ ಗುಮಾಸ್ತ, ತಲೆಯೆತ್ತದೆ.

ಕತ್ತಿ ಬಿತ್ತು. ಕಾದ ಕಬ್ಬಿಣದಿಂದ ಗಾಯ ಸುಟ್ಟರು. ಅದು ಕೀವು ಕಟ್ಟಿರುವಾಗಲೇ ಅವನು ಊರು ಸೇರಿದ.

ಇಸೋಲ್ಡ ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ತೊಳೆದಳು.

"ಯಾಕ್ ಹೊಡೆದ್ರಿ?"

"ಥರ್ಸ್ಟನ್ ಸತ್ತಿದ್ದಕ್ಕೆ ನಗಾಡ್ದ."

"ನಕ್ಕೋನು ಸತ್ತನಾ?"

"ಇಲ್ಲ. ಹಲ್ಲು ಹೋಯ್ತು. ಒಂದ್ ಕಣ್ಣೂ ಹೋಯ್ತು."

"ಸಾಲ್ದು" ಎಂದು ಅವಳು ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದಳು.

ರಾಜನ ಅಪ್ಪಣೆ ಸಿಕ್ಕಿ, ಮರುವರ್ಷ ಗೋಡೆ ಎದೆಮಟ್ಟ ಏಳುವಷ್ಟರಲ್ಲಿ ಫ್ರೆಂಚರು ಮತ್ತೆ ಬಂದರು. ಅದರ ಹಿಂದೆ ನಿಂತು ಎಡಗೈಯಲ್ಲಿ ಕೊಡಲಿ ಬೀಸುತ್ತಿದ್ದ ಹ್ಯಾಮೋನ ಗಂಟಲಿಗೆ ಬಾಣ ನಾಟಿತು. ಇಸೋಲ್ಡ ಅವನ ಪಕ್ಕದಲ್ಲೇ ನಿಂತು ಕುದಿಯುವ ನೀರು ಸುರಿಯುತ್ತಿದ್ದಳು. ಅವನು ಕುಸಿದದ್ದನ್ನು ಕಂಡರೂ ಕೊಪ್ಪರಿಗೆ ಬರಿದಾಗುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಆ ದಿನ ಗೋಡೆ ದಾಟಿ ಯಾರೂ ಒಳಗೆ ಬರಲಿಲ್ಲ.