ಅಜ್ಜಿಯ ಕಡೆಯ ಪೌರತ್ವ

ಅರ್ಜೆಂಟೀನಾದ ನಮ್ಮೂರು ಸಾಂತಾ ಇರ್ಮಾದಲ್ಲಿ ಇರುವುದು ಒಂದೇ ಪಂಕ್ಚರ್ ಅಂಗಡಿ. ಅದನ್ನು ನಡೆಸುವವಳು ನೆಲಿಡಾ ಒಕಾಂಪೊ. ಗಂಡ ತೀರಿಕೊಂಡ ವಾರವೇ ಒಬ್ಬ ಅಂಗಡಿ ಕೊಳ್ಳುತ್ತೇನೆಂದು ಬಂದಿದ್ದ. ಅವನು ಮಾತು ಮುಗಿಸುವಷ್ಟರಲ್ಲಿ ಇವಳು ಅವನದೇ ಲಾರಿಯ ಹಿಂದಿನ ಚಕ್ರ ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಗಾಳಿ ತುಂಬಿ, "ಇನ್ನು ಹೊರಡು" ಎಂದಳು. ಆಮೇಲೆ ಯಾರೂ ಕೊಳ್ಳುವ ಮಾತೆತ್ತಲಿಲ್ಲ.

ಅವಳ ಅಂಗಡಿಯ ಎದುರಿಗೇ ಜನನ ಮರಣ ನೋಂದಣಿ ಕಚೇರಿ. ಮೂವತ್ತೊಂದು ವರ್ಷದಿಂದ ನಾನು ಅಲ್ಲಿ ಗುಮಾಸ್ತ. ಊರಿನವರೆಲ್ಲರ ಹುಟ್ಟು, ಮದುವೆ, ಸಾವು ನನ್ನ ಬೀರುವಿನಲ್ಲಿವೆ. ಬೆಳಿಗ್ಗೆ ಹತ್ತಕ್ಕೆ ರಸ್ತೆ ದಾಟಿ ಅವಳ ಹತ್ತಿರ ಹೋಗಿ ಮಾಟೆ ಎಲೆಯ ಕಷಾಯ ಕುಡಿದು ಬರುವುದು ನನ್ನ ರೂಢಿ. ಹಾಗಾಗಿ ಈ ಕತೆಯ ಬಹುಭಾಗ ನನ್ನ ಕಣ್ಣೆದುರೇ ನಡೆದದ್ದು. ಒಂದೆರಡು ಕಡೆ ನನ್ನ ತಪ್ಪೂ ಇದೆ, ಅದನ್ನೂ ಹೇಳುತ್ತೇನೆ.

ಶುರುವಾದದ್ದು ಡೆಲ್ಫೋರನ ಮನೆಯ ಊಟದಲ್ಲಿ. ಡೆಲ್ಫೋರ್ ಜಿರಾವ್ದೋ ಅವಳ ತಾಯಿಕಡೆಯ ನೆಂಟ. ಅವನ ಅಜ್ಜ ಬತ್ತಿಸ್ತಾ, ಇವಳ ಅಜ್ಜಿ ದೊಮೆನಿಕಾ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಂಗಿ. ಸಾವಿರದ ಒಂಬೈನೂರ ಹನ್ನೆರಡನೇ ಇಸವಿಯಲ್ಲಿ ಇಟಲಿಯ ಪಿಯೆಮಾಂಟೆಯಿಂದ ಅಪ್ಪ ಅಮ್ಮನ ಕೈ ಹಿಡಿದು ಒಂದೇ ಹಡಗಿನಲ್ಲಿ ಬಂದವರು. ಅಣ್ಣನಿಗೆ ಒಂಬತ್ತು ವರ್ಷ, ತಂಗಿಗೆ ಆರು. ಅಣ್ಣ ತನ್ನ ಜನರಲ್ಲೇ ಹೆಣ್ಣು ತಂದ. ತಂಗಿ ರೈಲ್ವೆ ಹಳಿ ಕಾಯುತ್ತಿದ್ದ ಇಲ್ಲಿಯವನೇ ಆದ ಎಉಸೇಬಿಯೊ ಲೂನಾನನ್ನು ಮೆಚ್ಚಿ ಮದುವೆಯಾದಳು. ಅವರ ಹಿರಿಮಗಳು ಎಲ್ಬಾ, ಎಲ್ಬಾಳ ಮಗಳು ನೆಲಿಡಾ. ಬಣ್ಣ ಲೂನಾಗಳದು, ಮನೆತನದ ಹೆಸರು ತಂದೆಯದು. ಹೆಸರು ಕೇಳಿದರೆ ಇಟಲಿಯ ವಾಸನೆಯೂ ಬರುವುದಿಲ್ಲ.

ಜುಲೈ ತಿಂಗಳು, ನಮ್ಮಲ್ಲಿ ಕೊರೆಯುವ ಚಳಿ. ಮೇಜಿನ ನಡುವೆ ಬೆಳ್ಳುಳ್ಳಿ, ಉಪ್ಪುಮೀನು, ಕೆನೆ ಕುದಿಯುವ ಮಡಕೆ. ಸುತ್ತ ಕೂತವರೆಲ್ಲ ಎಲೆಕೋಸು, ದೊಣ್ಣೆಮೆಣಸು ಅದ್ದಿ ತಿನ್ನುತ್ತಿದ್ದೆವು. ಡೆಲ್ಫೋರ್ ಹೊಸ ಇಟಲಿ ಪಾಸ್‌ಪೋರ್ಟನ್ನು ಕೈಯಿಂದ ಕೈಗೆ ದಾಟಿಸಿದ. ಅವನ ಇಬ್ಬರು ಗಂಡುಮಕ್ಕಳಿಗೂ ಸಿಕ್ಕಿತ್ತು.

ನೆಲಿಡಾ ಕೈ ಒರೆಸಿಕೊಂಡು ಅದನ್ನು ತಿರುಗಿಸಿ ನೋಡಿದಳು. "ಹಾಗಾದ್ರೆ ನಂಗೂ ಬರ್ಬೇಕಲ್ಲ?"

"ನಿಂಗೆಲ್ಲಿಂದ ಬರ್ಬೇಕೇ?" ಎಂದ ಡೆಲ್ಫೋರ್. "ನೀನು ಲೂನಾಗಳ ಕಡೆಯೋಳು. ನಮ್ಮಜ್ಜ ಹಡಗಿಂದ ಮನೆತನದ ಹೆಸರು ಇಳಿಸ್ದ. ನಿಮ್ಮಜ್ಜಿ ಬರೀ ಟ್ರಂಕು ಇಳಿಸಿದ್ಲು."

ಮೇಜಿನ ಸುತ್ತ ಎಲ್ಲರೂ ನಕ್ಕರು. ನಾನೂ ನಕ್ಕೆ.

ನೆಲಿಡಾ ಒಂದು ತುಂಡು ದೊಣ್ಣೆಮೆಣಸನ್ನು ಮಡಕೆಯಲ್ಲಿ ಅದ್ದಿ, ನಿಧಾನವಾಗಿ ತಿಂದು, "ಆರು ವರ್ಷದ ಹುಡುಗಿ ಟ್ರಂಕು ಹೊತ್ಲು, ಒಂಬತ್ತು ವರ್ಷದ ಗಂಡಸು ಬರೀ ಹೆಸರು ಹೊತ್ತ. ಇದನ್ನೂ ಎಲ್ಲರ ಮುಂದೆ ಜಂಬವಾಗಿ ಹೇಳ್ಕೋತೀಯಲ್ಲೋ ಡೆಲ್ಫೋರ್" ಎಂದಳು. ನಗು ಅಲ್ಲಿಗೆ ನಿಂತಿತು.

ಮುಂದಿನ ತಿಂಗಳೇ ಮೂರು ಗಂಟೆ ಬಸ್ಸಿನಲ್ಲಿ ಕೂತು ಇಟಲಿಯ ಕಾನ್ಸುಲೇಟಿಗೆ ಹೋದಳು. ಅಲ್ಲಿ ನಡೆದದ್ದನ್ನು ಮರುದಿನ ನನಗೆ ಅಕ್ಷರಕ್ಕೆ ಅಕ್ಷರ ಆಡಿ ತೋರಿಸಿದಳು. ಗಾಜಿನಾಚೆ ಒಬ್ಬಳು ಚಿಕ್ಕ ವಯಸ್ಸಿನವಳು ಕಾಗದ ತಿರುವಿ, "ನಿಮ್ ತಾಯಿ ಯಾವಾಗ ಹುಟ್ಟಿದ್ದು ಸೆನ್ಯೋರಾ?" ಎಂದಳಂತೆ.

"ಇಪ್ಪತ್ತೊಂಬತ್ತನೇ ಇಸವಿ."

"ಹಾಗಾದ್ರೆ ಆಗಲ್ಲ. ನಲವತ್ತೆಂಟಕ್ಕೆ ಮುಂಚೆ ಹುಟ್ಟಿದೋರಿಗೆ ತಾಯಿ ಕಡೆಯಿಂದ ಪೌರತ್ವ ಬರ್ತಿರ್ಲಿಲ್ಲ. ತಂದೆ ಕಡೆಯಿಂದ ಮಾತ್ರ."

"ಹೆತ್ತೋಳು ಅವಳೇ ತಾನೆ?"

"ಹೌದು. ಆದ್ರೆ ಕಾನೂನು ಹಾಗಿತ್ತು."

"ಅವಳ ಅಣ್ಣನ ಮೊಮ್ಮಗನಿಗೆ ಇದೇ ಕಿಟಕೀಲಿ ಕೊಟ್ಟಿದೀರಿ. ಒಂದೇ ಹಡಗು, ಒಂದೇ ಅಪ್ಪ ಅಮ್ಮ."

"ಅವರ್ದು ಅಜ್ಜನ ಕಡೆ, ಸೆನ್ಯೋರಾ."

ಇಷ್ಟು ಹೇಳಿದ ಆ ಹುಡುಗಿ ಆಚೀಚೆ ನೋಡಿ ದನಿ ತಗ್ಗಿಸಿದಳಂತೆ. "ಈ ಕಿಟಕೀಲಿ ಆಗಲ್ಲ ಅಂದೆ ಅಷ್ಟೆ. ರೋಮ್ ಕೋರ್ಟಿಗೆ ಹೋದೋರಿಗೆ ಸಿಕ್ಕಿದೆ. ಅಲ್ಲಿನ ಜಡ್ಜುಗಳು ಆ ಕಾನೂನು ಅನ್ಯಾಯ ಅಂತಿದಾರೆ."

"ಯಾರ ಮೇಲೆ ಹಾಕ್ಬೇಕು ಕೇಸು?"

"ಇಟಲಿ ಸರ್ಕಾರದ ಮೇಲೆ."

"ಒಂದು ಚೀಟೀಲಿ ಬರ್ಕೊಡಮ್ಮ" ಎಂದಳಂತೆ ನೆಲಿಡಾ, ಕಿರಾಣಿ ಸಾಮಾನು ಬರೆಸಿಕೊಳ್ಳುವವಳ ಹಾಗೆ.

ನಾನು ಬೇಡವೆಂದೆ. "ನಿಂಗೆ ಅರವತ್ತೊಂದು ವರ್ಷ. ಇಟಲಿಗೆ ಹೋಗಿ ಪಂಕ್ಚರ್ ಹಾಕ್ತೀಯಾ?"

"ನಾನೆಲ್ಲೂ ಹೋಗಲ್ಲ ಉಬಾಲ್ಡೋ. ನಮ್ಮಜ್ಜಿ ಈ ದೇಶದಲ್ಲಿ ಅರವತ್ತೆಂಟು ವರ್ಷ ಬಾಳಿದ್ಲು. ಸಾಯೋವರ್ಗೂ ಅವಳ ಗುರುತಿನ ಚೀಟೀಲಿ 'ವಿದೇಶಿ' ಅಂತಲೇ ಇತ್ತು. ಇಲ್ಲಿ ಕೇಳಿದ್ರೆ ಅವಳು ಅಲ್ಲಿಯೋಳು. ಅಲ್ಲಿ ಕೇಳಿದ್ರೆ ಅವಳು ಹೆತ್ತ ಮಕ್ಕಳು ಅಲ್ಲಿಯೋರಲ್ಲ. ಹಾಗಾದ್ರೆ ಅವಳು ಯಾರು? ಹಡಗಿಂದ ಬಿದ್ದ ಮೂಟೆನಾ?"

ಅಜ್ಜಿಯ ಕೈಯಲ್ಲೇ ಬೆಳೆದವಳು ಅವಳು.

ಪಕ್ಕದ ಪಟ್ಟಣದಲ್ಲಿ ಗ್ರಿಸೆಲ್ಡಾ ಎಂಬ ವಕೀಲೆ ಇದ್ದಳು. ರೋಮಿನ ಒಬ್ಬ ವಕೀಲನೊಡನೆ ಸೇರಿ ಇಂಥ ಮೊಕದ್ದಮೆ ನಡೆಸುತ್ತಿದ್ದವಳು. ಅವಳು ಕೇಳಿದ ಕಾಗದಗಳಲ್ಲಿ ಹೆಚ್ಚಿನವು ಸಲೀಸಾಗಿ ಬಂದವು. ದೊಮೆನಿಕಾಳ ಜನನ ಪತ್ರವನ್ನು ಪಿಯೆಮಾಂಟೆಯ ಊರಿನವರು ನಲವತ್ತು ದಿನದಲ್ಲಿ ಅಂಚೆಯಲ್ಲಿ ಕಳಿಸಿದರು. ಅವಳು ಅರ್ಜೆಂಟೀನಾದ ಪೌರತ್ವ ಎಂದೂ ತೆಗೆದುಕೊಂಡಿರಲಿಲ್ಲ ಎಂಬ ಪತ್ರವೂ ರಾಜಧಾನಿಯಿಂದ ಬಂತು. ಸಿಕ್ಕಿಹಾಕಿಕೊಂಡದ್ದು ನನ್ನ ಕಚೇರಿಯ ಕಾಗದ.

ಮದುವೆಯ ಪತ್ರದಲ್ಲಿ ವಧುವಿನ ಹೆಸರು 'ದೊಮಿಂಗಾ ಜಿರಾಲ್ದೋ' ಎಂದಿತ್ತು. ಇಟಲಿಯ ಹೆಸರು ಕಿವಿಗೆ ಬಿದ್ದ ಹಾಗೆ ಗೀಚಿಬಿಡುವುದು ಆ ಕಾಲದ ಗುಮಾಸ್ತರ ಚಾಳಿ. ಹೆಸರು ತಿದ್ದಿಸಲು ಪಟ್ಟಣದ ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಇಟಲಿಯಲ್ಲಿ ಹುಟ್ಟಿದ ದೊಮೆನಿಕಾ ಜಿರಾವ್ದೋ, ಇಲ್ಲಿ ಮದುವೆಯಾದ ದೊಮಿಂಗಾ ಜಿರಾಲ್ದೋ ಇಬ್ಬರೂ ಒಬ್ಬಳೇ ಎನ್ನಲು ಪುರಾವೆ ಏನು ಎಂದು ಕೇಳಿ ಅರ್ಜಿಯನ್ನು ಹಿಂದಕ್ಕೆ ಕಳಿಸಿದರು.

ನೆಲಿಡಾ ಗ್ರೀಸ್ ಮೆತ್ತಿದ ಕೈಯಲ್ಲೇ ರಸ್ತೆ ದಾಟಿ ಬಂದು ನನ್ನ ಮೇಜಿನ ಎದುರು ನಿಂತಳು. "ಮೂಲ ಪುಸ್ತಕ ತೆಗಿ."

"ಹಾಗೆಲ್ಲ ತೆಗೆಯೋಕಾಗಲ್ಲ ನೆಲಿಡಾ. ನಿಯಮ ಇದೆ. ನಕಲು ಕೊಟ್ಟಿದೀನಲ್ಲ?"

"ಯಾವ ನಿಯಮ, ತೋರ್ಸು."

"ಹುಡುಕ್ಬೇಕು."

"ಹುಡುಕು. ನಾನು ಕೂತಿರ್ತೀನಿ."

ಕೂತಳು. ಹೊರಗೆ ಟ್ರ್ಯಾಕ್ಟರಿನವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದ. ಮಗುವಿನ ಹೆಸರು ಬರೆಸಲು ಬಂದ ದಂಪತಿಗಳು ಅವಳ ಮುಖ ನೋಡಿ ಗೋಡೆಗೆ ಅಂಟಿಕೊಂಡು ನಿಂತರು. ಹನ್ನೊಂದೂವರೆಗೆ ನಾನು ಸೋತೆ. ನಿಯಮ ಇತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ, ನಾನು ಹುಡುಕಲೇ ಇಲ್ಲ. ಬೀರುವಿನ ಕೆಳಗಿನ ಗೂಡಿನಿಂದ ಇಪ್ಪತ್ತೇಳನೇ ಇಸವಿಯ ಪುಸ್ತಕ ತೆಗೆದು, ಧೂಳು ಕೊಡವಿ ಬಿಡಿಸಿದೆ.

ಪುಟದ ತುಂಬ ಗುಮಾಸ್ತನ ಚೆಂದದ ಅಕ್ಷರ. ದೊಮಿಂಗಾ ಜಿರಾಲ್ದೋ ಎಂದು ಮೂರು ಕಡೆ ಬರೆದಿದ್ದ. ಕೆಳಗೆ ವರನ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು; ಎಉಸೇಬಿಯೊ ಲೂನಾನಿಗೆ ಓದುಬರಹ ಬರುತ್ತಿರಲಿಲ್ಲ. ಅದರ ಪಕ್ಕದಲ್ಲಿ ವಧುವಿನ ಸಹಿ.

ದೊಮೆನಿಕಾ ಜಿರಾವ್ದೋ.

ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಬರೆದ, ಎರಡೇ ಚಳಿಗಾಲ ಶಾಲೆ ಕಂಡವಳ ಕೈ. ಲೇಖನಿಯನ್ನು ಎಷ್ಟು ಒತ್ತಿದ್ದಳೆಂದರೆ ಮೊದಲಕ್ಷರದಲ್ಲಿ ಕಾಗದ ಹರಿದಿತ್ತು. ಗುಮಾಸ್ತ ತನ್ನ ಹೆಸರನ್ನು ತಪ್ಪಾಗಿ ಬರೆದದ್ದು ಅವಳಿಗೆ ಕಂಡಿರಲೇಬೇಕು. ಅವನ ಜತೆ ವಾದಿಸಿದಳೋ, ವಾದಿಸಿ ಸೋತಳೋ ತಿಳಿಯದು. ಅವನ ಮೂರು ತಪ್ಪುಗಳ ಕೆಳಗೆ ತನ್ನ ಹೆಸರನ್ನು ಸರಿಯಾಗಿ ಬರೆದಿಟ್ಟು ಎದ್ದುಹೋಗಿದ್ದಳು.

ನಕಲು ಮಾಡುವಾಗ ನಾವು ಸಹಿಗಳನ್ನು ನಕಲು ಮಾಡುವುದಿಲ್ಲ. 'ಉಭಯರೂ ಸಹಿ ಮಾಡಿದ್ದಾರೆ' ಎಂದು ಟೈಪು ಮಾಡಿ ಮುದ್ರೆ ಒತ್ತುತ್ತೇವೆ. ಈ ಪುಟದ ನಕಲನ್ನು ನಾನೇ ನಾಲ್ಕು ಸಲ ಕೊಟ್ಟಿದ್ದೆ. ಒಮ್ಮೆಯೂ ಕೆಳಗೆ ಕಣ್ಣು ಹಾಯಿಸಿರಲಿಲ್ಲ.

ನೆಲಿಡಾ ಪುಟ ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು.

"ನಮ್ಮಜ್ಜಿ ಕೆಲಸ ಮುಗಿಸಿಟ್ಟೇ ಹೋಗಿದಾಳೆ" ಎಂದಳು. "ಫೋಟೊ ತೆಗಿ. ಇರೋ ಮುದ್ರೆ ಎಲ್ಲಾ ಒತ್ತು."

ಒತ್ತಿದೆ. ಹನ್ನೊಂದು ತಿಂಗಳ ಮೇಲೆ ಹೆಸರು ತಿದ್ದುವ ಆದೇಶ ಬಂತು.

ಅಷ್ಟರೊಳಗೆ ಅವಳು ತಾಯಿಯ ತಂಗಿಯರ ಮಕ್ಕಳನ್ನೆಲ್ಲ ಹುಡುಕಿ ಒಟ್ಟು ಮಾಡಿದ್ದಳು. ಒಬ್ಬಳು ದರ್ಜಿ, ಒಬ್ಬಳು ಶಾಲೆಯ ಅಡುಗೆಯವಳು, ಇನ್ನೊಬ್ಬಳು ಹಾಲಿನ ಡೇರಿಯವಳು, ಹೀಗೆ ಆರು ಜನ ಹೆಂಗಸರು. ಎಲ್ಲರ ಹೆಸರಲ್ಲೂ ಒಂದೇ ಮೊಕದ್ದಮೆ. ಸುದ್ದಿ ಊರಿನ ಕ್ಲಬ್ಬಿಗೆ ಮುಟ್ಟಿದಾಗ ಡೆಲ್ಫೋರ್, "ಲೂನಾ ಹೆಂಗಸರ ಪಡೆ ರೋಮ್ ಮೇಲೆ ದಂಡೆತ್ತಿ ಹೊರಟಿದೆ" ಎಂದನಂತೆ. ಮರುದಿನ ಅವನ ಜೀಪು ಪಂಕ್ಚರ್ ಆಗಿ ಅಂಗಡಿಗೇ ಬರಬೇಕಾಯಿತು.

"ಹೌದು ಕಣೋ, ದಂಡೆತ್ತಿದೀವಿ" ಎಂದಳು ನೆಲಿಡಾ, ಚಕ್ರ ಬಿಚ್ಚುತ್ತ. "ನಮ್ಮ ಪಡೆಗೆ ಟೈರಾದ್ರೂ ಇದೆ. ನಿನ್ನ ನೋಡು."

ರೋಮಿನಲ್ಲಿ ವಿಚಾರಣೆ ಎರಡು ಸಲ ಮುಂದಕ್ಕೆ ಹೋಯಿತು. ಎರಡನೇ ಸಲ ಹೋದಾಗ ದರ್ಜಿ ಒಫೇಲಿಯಾ ಹೃದಯ ನಿಂತು ತೀರಿಕೊಂಡಳು. ಆರು ಜನರಲ್ಲಿ ಇವಳ ಮಾತು ಕೇಳಿ ಮೊದಲು ಸಹಿ ಹಾಕಿದ್ದವಳು ಒಫೇಲಿಯಾ. ವಾರದ ಮೇಲೆ ವಕೀಲೆ ಫೋನು ಮಾಡಿ, ಒಫೇಲಿಯಾಳ ಹೆಸರು ಕೈಬಿಡೋಣವೇ ಎಂದು ಕೇಳಿದಳು.

"ಯಾಕ್ ಬಿಡ್ಬೇಕು? ಮಗಳಿದಾಳೆ, ಮಗಳ ಹೆಸರು ಹಾಕು. ಹೆಣ್ಣಿಂದ ಮುಂದಕ್ಕೆ ಹೋಗಲ್ಲ ಅಂದೋರು ಕಣ್ಬಿಟ್ಟು ನೋಡ್ಲಿ."

ತೀರ್ಪು ಬಂದದ್ದು ಎರಡು ಸಾವಿರದ ಹದಿನೇಳನೇ ಇಸವಿಯ ಅಕ್ಟೋಬರಿನಲ್ಲಿ. ನಾನು ಮಾಟೆ ಕುಡಿಯುತ್ತಿದ್ದೆ. ನೆಲಿಡಾ ಟ್ರ್ಯಾಕ್ಟರಿನ ದೊಡ್ಡ ಟೈರಿನೊಳಗೆ ಅರ್ಧ ಮೈ ತೂರಿಸಿಕೊಂಡಿದ್ದಳು. ಫೋನನ್ನು ನಾನೇ ಎತ್ತಿ ಅವಳ ಕಿವಿಗೆ ಹಿಡಿದೆ. ಗ್ರಿಸೆಲ್ಡಾ ತೀರ್ಪನ್ನು ಅನುವಾದಿಸುತ್ತ ಓದಿದಳು: ದೊಮೆನಿಕಾ ಜಿರಾವ್ದೋ ಹುಟ್ಟಿನಿಂದ ಸಾಯುವವರೆಗೆ ಇಟಲಿಯ ಪ್ರಜೆಯಾಗಿದ್ದಳು, ತನ್ನ ಪೌರತ್ವವನ್ನು ಹೆಣ್ಣುಮಕ್ಕಳಿಗೆ ದಾಟಿಸಿದಳು, ಅವರಿಂದ ಅದು ಅರ್ಜಿದಾರರಿಗೆ ಬಂದಿದೆ.

"ಆ 'ದಾಟಿಸಿದಳು' ಅನ್ನೋದನ್ನ ಇನ್ನೊಂದ್ಸಲ ಓದು" ಎಂದಳು ನೆಲಿಡಾ.

ಗ್ರಿಸೆಲ್ಡಾ ಓದಿದಳು.

ಅವಳು ಅತ್ತಳೇ ಎಂದು ಜನ ನನ್ನನ್ನು ಕೇಳುತ್ತಾರೆ. ಇಲ್ಲ, ಬೈದಳು. ಟೈರಿನೊಳಗಿನಿಂದಲೇ ಬೈದಳು. ಆ ಕಾನೂನು ಬರೆದ ಗಂಡಸರನ್ನು, ಅದನ್ನು ಇಷ್ಟು ವರ್ಷ ಓದಿಕೊಂಡು ಕೂತವರನ್ನು, ಜಿರಾಲ್ದೋ ಎಂದು ಗೀಚಿದ ಗುಮಾಸ್ತನನ್ನು, ನಾಲ್ಕು ಸಲ ನಕಲು ಕೊಟ್ಟು ಕಣ್ಣು ಬಿಡದ ನನ್ನನ್ನು, ಎರಡು ತಿಂಗಳು ಹೆಚ್ಚು ಬದುಕದ ಒಫೇಲಿಯಾಳನ್ನು. ಆಮೇಲೆ ಟ್ರ್ಯಾಕ್ಟರಿನವನ ಕೆಲಸ ಮುಗಿಸಿ ಕಳಿಸಿದಳು.

ಭಾನುವಾರ ಡೆಲ್ಫೋರ್ ಒಂದು ಬಾಟಲಿ ವೈನು ಹಿಡಿದು ಬಂದ. ಮನಸ್ಸು ಒಳ್ಳೆಯದೇ, ಬಾಯಿ ಮಾತ್ರ ಹಾಗೆ. "ಬಾರೇ, ಅಪ್ಪಿಕೊಳ್ಳೋಣ. ಅಂತೂ ನೀನೂ ನಮ್ಮೋಳಾದೆ."

"ಆದೆ ಅಲ್ಲ, ಆಗಿದ್ದೆ" ಎಂದಳು ನೆಲಿಡಾ. "ಕೂತ್ಕೊಂಡು ಕಾಗದ ಓದು. ಓದಿದ್ಮೇಲೆ ಬಾಟ್ಲಿ ತೆಗಿ."

ಅವನು ಕನ್ನಡಕ ಹಾಕಿಕೊಂಡು ಏಳೂ ಪುಟ ಓದಿದ. ಮುಗಿದ ಮೇಲೆ, "ನಮ್ಮಜ್ಜನ ಹೆಸರು ಇದ್ರಲ್ಲಿ ಎಲ್ಲೂ ಇಲ್ವಲ್ಲ" ಎಂದ.

"ಬೇಕಾಗ್ಲಿಲ್ಲ" ಎಂದಳು.

ಪಾಸ್‌ಪೋರ್ಟು ಮರುವರ್ಷ ಬಂತು. ಅದು ಅಂಗಡಿಯ ಮೇಜಿನ ಡ್ರಾದಲ್ಲಿ, ವಾಲ್ವ್ ಪಿನ್ನುಗಳ ಡಬ್ಬಿಯ ಕೆಳಗಿದೆ. ಡೇರಿಯವಳ ಮಗಳು ತನ್ನದನ್ನು ಹಿಡಿದು ಇಟಲಿಯ ತುರಿನ್‌ಗೆ ಹೋಗಿ ನರ್ಸ್ ಆಗಿದ್ದಾಳೆ. ನೀನು ಯಾವಾಗ ಹೋಗುತ್ತೀ ಎಂದು ಕೇಳಿದರೆ ನೆಲಿಡಾ, "ಅಂಗಡಿ ನೀನು ನೋಡ್ಕೋತೀಯಾ?" ಎನ್ನುತ್ತಾಳೆ.

ಈಗ ಸುತ್ತಲಿನ ಊರುಗಳಿಂದ ಹೆಂಗಸರು ಬರುತ್ತಾರೆ, ಗಾಡಿಯಲ್ಲಿ ಪಂಕ್ಚರ್ ಇಲ್ಲದೆಯೂ ಬರುತ್ತಾರೆ. ಮೊನ್ನೆ ಒಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮುತ್ತಜ್ಜಿಯ ಕಡೆಯಿಂದಂತೆ, ಆಗಲ್ಲ ಅಂದುಬಿಟ್ಟರಂತೆ.

"ಯಾರು ಅಂದಿದ್ದು? ಬರ್ದು ಕೊಟ್ರಾ?"

"ಇಲ್ಲ ಡೋನ್ಯಾ ನೆಲಿಡಾ, ಬಾಯಲ್ಲೇ."

"ಬಾಯಲ್ಲಿ ಅಂದಿದ್ದು ಗಾಳಿಗೆ ಹೋಯ್ತು ಬಿಡು. ಆ ಟೈರ್ ಮೇಲೆ ಕೂತ್ಕೊಳಮ್ಮ. ಮುತ್ತಜ್ಜಿ ಹೆಸರೇನು, ಅದನ್ನ ಮೊದ್ಲು ಹೇಳು."